ವಿದ್ಯಾರ್ಥಿಯೇ ರೂಪಿಸಿದ ವ್ಯಾಸಂಗ: ಒಂದು ಚಾರಿತ್ರಿಕ ಸಮೀಕ್ಷೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕೆಲವು ತಿಂಗಳ ಹಿಂದೆ ಗ್ರಂಥಾಲಯದಲ್ಲಿ ನನ್ನನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಹುಡುಗತನದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಮೆಟ್ರಿಕ್ ಆದವರು ಅವರು. ಅವರ ಮೊಮ್ಮಗಳು ಅಮೆರಿಕದ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಳೆ. “ಮಾಸ್ತರೇ, ಅವಳು ಅಲ್ಲಿ ಯಾವ ವಿಷಯ ತೆಗೆದುಕೊಂಡಿದ್ದಾಳೆಂದು ಕೇಳಿದರೆ, ‘ಅಜ್ಜಾ, ವಿಷಯವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ’ ಎನ್ನುತ್ತಾಳೆ. ವಿಷಯವನ್ನು ಮಾಡಿಕೊಳ್ಳುವುದೆಂದರೇನು? ಅದು ಪದವಿಯೋ, ಅಲ್ಲ ಆಟವೋ?” ಎಂದರು. ಆ ಹೊತ್ತಿಗೆ ನನಗೆ ತೋಚಿದ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ನಿಜ ಹೇಳುವುದಾದರೆ ನನಗೂ ತರಲಿಲ್ಲ. ಪ್ರಸ್ತುತ ಲೇಖನ ಆ ಉತ್ತರವನ್ನು ತುಸು ವಿಸ್ತಾರವಾಗಿ, ಚರಿತ್ರೆಯ ಆಧಾರದಿಂದ, ಮತ್ತೊಮ್ಮೆ ಹೇಳುವ ಪ್ರಯತ್ನ.

ಇಂಥ ಪ್ರಶ್ನೆ ನಮಗೆ ಸಹಜವಾಗಿ ಏಳುವುದಕ್ಕೆ ಕಾರಣವಿದೆ. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾನಿಲಯಗಳೂ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯವು. ಅಂದರೆ, ಅವು ಪಾಠ ಹೇಳುವುದಕ್ಕಾಗಿ ಹುಟ್ಟಿದವಲ್ಲ, ಪರೀಕ್ಷೆ ನಡೆಸುವುದಕ್ಕಾಗಿ ಹುಟ್ಟಿದವು. ಪಾಠ ಕಾಲೇಜುಗಳ ಕೆಲಸ. ಏನನ್ನು ಓದಬೇಕು, ಎಷ್ಟು ಓದಬೇಕು ಎಂಬ ನಿರ್ಣಯ ದೂರದ ಪರೀಕ್ಷಾಮಂಡಲಿಯದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು ೧೯೧೭ರಲ್ಲಿ. ಅದಕ್ಕೆ ಹಿಂದೆ ಆ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ೧೯೧೮ರಲ್ಲಿ ಬಿ.ಎ. ಆದವರು. ಕಾಲೇಜು ಧಾರವಾಡಕ್ಕೆ ಬಂದ ಮೇಲೂ ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಪ್ರಶ್ನಪತ್ರಿಕೆ ಮುಂಬಯಿಯಿಂದಲೇ ಬರುತ್ತಿತ್ತು. ಇಂಥ ಏರ್ಪಾಟಿನಲ್ಲಿ ಒಬ್ಬ ವಿದ್ಯಾರ್ಥಿ “ನನ್ನ ವಿಷಯವನ್ನು ನಾನೇ ಗೊತ್ತುಮಾಡಿಕೊಳ್ಳುತ್ತೇನೆ” ಎಂದರೆ ಅದಕ್ಕೆ ಅರ್ಥವೇ ಇಲ್ಲ. ಅವನ ಪ್ರಶ್ನಪತ್ರಿಕೆಯನ್ನು ಯಾರು ಬರೆಯಬೇಕು? ವಿಷಯ ಎಂಬುದು ಆಕಾಶದ ನಕ್ಷತ್ರದಂತೆ ಮೊದಲೇ ಇರುವ ವಸ್ತು, ನಾವು ಅದನ್ನು ಆರಿಸಿಕೊಳ್ಳಬಹುದೇ ಹೊರತು ಮಾಡಲಾರೆವು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದಕ್ಕೆ ಮೂಲ ಇದೇ ಇರಬೇಕು.

ಅಮೆರಿಕದ ಕಾಲೇಜುಗಳೂ ಮೊದಲಿಗೆ ಸ್ವತಂತ್ರವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ವಿದ್ಯಾರ್ಥಿಗಳೆಲ್ಲರೂ ಒಂದೇ ಪಾಠಗಳನ್ನು ಒಂದೇ ಕ್ರಮದಲ್ಲಿ ಓದುತ್ತಿದ್ದರು: ಲ್ಯಾಟಿನ್, ಗ್ರೀಕ್, ಗಣಿತ, ಕೊನೆಯ ವರ್ಷದಲ್ಲಿ ಕಾಲೇಜಿನ ಅಧ್ಯಕ್ಷರೇ ಹೇಳುವ ನೀತಿಶಾಸ್ತ್ರ. ಈ ಕ್ರಮಕ್ಕೆ ಹೊರಗಾಗಿ ನಿಂತದ್ದು ಥಾಮಸ್ ಜೆಫರ್ಸನ್ ಸ್ಥಾಪಿಸಿದ ವರ್ಜೀನಿಯಾ ವಿಶ್ವವಿದ್ಯಾನಿಲಯ. ೧೮೨೫ರಲ್ಲಿ ಬಾಗಿಲು ತೆರೆದ ಆ ಸಂಸ್ಥೆಯಲ್ಲಿ ವಿದ್ಯೆಯನ್ನು ಎಂಟು ಶಾಲೆಗಳಾಗಿ ವಿಭಾಗಿಸಿ, ಯಾವ ಶಾಲೆಯಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ವಿದ್ಯಾರ್ಥಿಯ ಇಚ್ಛೆಗೆ ಬಿಡಲಾಗಿತ್ತು. ಮೂರು ವರ್ಷಗಳ ಬಳಿಕ, ೧೮೨೮ರಲ್ಲಿ, ಯೇಲ್ ಕಾಲೇಜು ಪ್ರಕಟಿಸಿದ ವರದಿ ಹಳೆಯ ಕ್ರಮದ ಸಮರ್ಥನೆಯಾಗಿತ್ತು. ಅದರ ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಕಾಲೇಜಿನ ಕೆಲಸ ಮನಸ್ಸಿನ ಶಕ್ತಿಗಳನ್ನು ಪಳಗಿಸುವುದು, ಆಮೇಲೆ ಅದರಲ್ಲಿ ತಿಳಿವನ್ನು ತುಂಬುವುದು. ಪಳಗದ ಮನಸ್ಸು ತನಗೆ ಬೇಕಾದುದನ್ನು ತಾನು ಹೇಗೆ ಅರಿತೀತು? ನಮ್ಮ ಪಾಠಶಾಲೆಗಳಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದ ಪಂಡಿತರು ಈ ಮಾತಿಗೆ ತಲೆದೂಗುತ್ತಿದ್ದರು.

ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಫ್ರಾನ್ಸಿಸ್ ವೇಲೆಂಡ್ ೧೮೫೦ರಲ್ಲಿ ತಮ್ಮ ಆಡಳಿತಮಂಡಲಿಗೆ ಒಂದು ವರದಿ ಒಪ್ಪಿಸಿದರು. ದೇಶ ಬದಲಾಗಿದೆ, ರೈಲುದಾರಿಗಳೂ ಕಾರಖಾನೆಗಳೂ ಎದ್ದಿವೆ, ಕಾಲೇಜು ಮಾತ್ರ ಪಾದ್ರಿಗಳನ್ನೂ ವಕೀಲರನ್ನೂ ತಯಾರಿಸುವ ಹಳೆಯ ಕ್ರಮದಲ್ಲೇ ಇದೆ. ಆದಕಾರಣ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಬೇಕಾದುದನ್ನು ಓದುವಂತಾಗಬೇಕು ಎಂಬುದು ಅದರ ಸಾರ. ಮಂಡಲಿ ಒಪ್ಪಿತು. ಆದರೆ ಹೊಸ ಏರ್ಪಾಟು ಬಾಳಲಿಲ್ಲ. ಹಣ ಸಾಲಲಿಲ್ಲ, ಅಧ್ಯಾಪಕರ ಮನಸ್ಸು ಒಲಿಯಲಿಲ್ಲ. ೧೮೫೫ರಲ್ಲಿ ವೇಲೆಂಡ್ ನಿವೃತ್ತರಾದ ಮೇಲೆ ಅದನ್ನು ಹಿಂದಕ್ಕೆ ಸರಿಸಿದರು. ಇದೇ ಬ್ರೌನ್‌ನಲ್ಲಿ ನೂರು ವರ್ಷಗಳಿಗೂ ಮಿಕ್ಕ ಕಾಲದ ಮೇಲೆ ಅದೇ ಮಾತು ಮತ್ತೆ ಎದ್ದಿತು. ಆ ಸಲ ಅದನ್ನೆತ್ತಿದವರು ಅಧ್ಯಕ್ಷರಲ್ಲ, ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಹುಡುಗರು. ಅದನ್ನು ಮುಂದೆ ನೋಡೋಣ.

ವೇಲೆಂಡರಿಗೆ ಕೈಗೂಡದ ಕಾರ್ಯ ಹಾರ್ವರ್ಡಿನಲ್ಲಿ ಚಾರ್ಲ್ಸ್ ಎಲಿಯಟ್ ಅವರಿಗೆ ಕೈಗೂಡಿತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ೧೮೬೯ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಅಧ್ಯಕ್ಷರಾಗಿ ೧೯೦೯ರವರೆಗೆ ನಲವತ್ತು ವರ್ಷ ಆ ಪೀಠದಲ್ಲಿದ್ದರು. ಅವರು ಒಂದೊಂದಾಗಿ ಕಡ್ಡಾಯದ ಪಾಠಗಳನ್ನು ಸಡಿಲಿಸುತ್ತ ಬಂದು, ಶತಮಾನ ಮುಗಿಯುವ ಹೊತ್ತಿಗೆ ಮೊದಲ ವರ್ಷದ ಇಂಗ್ಲಿಷ್ ಬರೆವಣಿಗೆಯಂಥ ಒಂದೆರಡನ್ನು ಬಿಟ್ಟರೆ ಮಿಕ್ಕೆಲ್ಲವನ್ನೂ ಐಚ್ಛಿಕವಾಗಿ ಮಾಡಿಬಿಟ್ಟರು. ಇದು ನಿರ್ವಿರೋಧವಾಗಿ ನಡೆಯಲಿಲ್ಲ. ೧೮೮೫ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಿನ್ಸ್‌ಟನ್ನಿನ ಅಧ್ಯಕ್ಷ ಜೇಮ್ಸ್ ಮೆಕಾಷ್ ಅವರು ಎಲಿಯಟ್‌ರೊಡನೆ ಬಹಿರಂಗವಾಗಿ ವಾದಕ್ಕೆ ನಿಂತರು. ಹುಡುಗರು ಸುಲಭವಾದುದನ್ನೇ ಆರಿಸಿಕೊಳ್ಳುತ್ತಾರೆ, ಪದವಿಗೆ ಅರ್ಥವಿಲ್ಲದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಅವರ ಮಾತು ಅರ್ಧ ನಿಜವಾಯಿತೆಂದೇ ಹೇಳಬೇಕು. ಹಾರ್ವರ್ಡಿನ ಬಹುಮಂದಿ ವಿದ್ಯಾರ್ಥಿಗಳು ಎಲ್ಲ ಶಾಸ್ತ್ರಗಳ ಮೊದಲ ಮೆಟ್ಟಿಲನ್ನು ಹತ್ತಿ, ಯಾವುದರ ಎರಡನೆಯ ಮೆಟ್ಟಿಲನ್ನೂ ಹತ್ತದೆ ಪದವೀಧರರಾಗತೊಡಗಿದರು.

ಎಲಿಯಟ್‌ರ ಬಳಿಕ ಬಂದ ಲಾರೆನ್ಸ್ ಲೋವೆಲ್ ಇದಕ್ಕೆ ಕಂಡುಕೊಂಡ ಮದ್ದೇ ಇಂದು ನಾವು ‘ಮೇಜರ್’ ಎನ್ನುವ ಏರ್ಪಾಟು. ಹೆಸರು ಅವರದಲ್ಲ; ಪ್ರಧಾನ ವಿಷಯ, ಉಪವಿಷಯ ಎಂಬ ವಿಂಗಡಣೆ ೧೮೭೦ರ ದಶಕದ ಕೊನೆಯಲ್ಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಕಾಣುತ್ತದೆ. ಒಂದು ಕ್ಷೇತ್ರದಲ್ಲಿ ಆಳವಾಗಿ ಕೆಲವು ಪಾಠಗಳು, ಉಳಿದ ಕ್ಷೇತ್ರಗಳಲ್ಲಿ ಹರಡಿಕೊಂಡು ಕೆಲವು ಪಾಠಗಳು: ಈ ಸೂತ್ರವನ್ನು ಲೋವೆಲ್ ತಂದರು, ದೇಶವೆಲ್ಲ ಅನುಸರಿಸಿತು. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇಜರ್ ಎಂಬುದು ಹುಟ್ಟಿದ್ದು ಸ್ವಾತಂತ್ರ್ಯದ ಸಾಧನವಾಗಿ ಅಲ್ಲ, ಸ್ವಾತಂತ್ರ್ಯಕ್ಕೆ ಹಾಕಿದ ಬೇಲಿಯಾಗಿ. ಆ ಬೇಲಿಯ ಒಡೆತನ ವಿಭಾಗಗಳ ಕೈಗೆ ಹೋಯಿತು. ಚರಿತ್ರೆ ಎಂದರೆ ಚರಿತ್ರೆಯ ವಿಭಾಗ ಏನನ್ನು ಹೇಳಿಕೊಡುತ್ತದೋ ಅದು; ಅರ್ಥಶಾಸ್ತ್ರ ಎಂದರೆ ಅರ್ಥಶಾಸ್ತ್ರದ ವಿಭಾಗದ್ದು. ಎರಡು ವಿಭಾಗಗಳ ನಡುವಣ ಬಯಲು ಯಾರಿಗೂ ಸೇರದ ಗೋಮಾಳವಾಯಿತು. ಹಾರ್ವರ್ಡಿನಲ್ಲಿಯೇ ೧೯೦೬ರಷ್ಟು ಹಿಂದೆ ‘ಚರಿತ್ರೆ ಮತ್ತು ಸಾಹಿತ್ಯ’ ಎಂಬ ಜೋಡುವಿಷಯ ಏರ್ಪಟ್ಟಿತ್ತೆಂಬುದು ನಿಜ. ಆದರೆ ಅದನ್ನು ರೂಪಿಸಿದವರು ಅಧ್ಯಾಪಕರು. ವಿದ್ಯಾರ್ಥಿಯ ಪಾಲಿಗೆ ಅದೂ ಸಿದ್ಧವಸ್ತುವೇ.

ಎರಡು ಯುದ್ಧಗಳ ನಡುವೆ ಸಾರಾ ಲಾರೆನ್ಸ್, ಬೆನ್ನಿಂಗ್ಟನ್ ಮೊದಲಾದ ಕೆಲವು ಸಣ್ಣ ಕಾಲೇಜುಗಳು ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಸಲಹೆಗಾರರನ್ನು ಕೊಟ್ಟು, ಇಬ್ಬರೂ ಕೂಡಿ ವ್ಯಾಸಂಗವನ್ನು ಗೊತ್ತುಮಾಡುವ ಕ್ರಮವನ್ನು ತಂದವು. ಅವುಗಳ ಕಥೆ ಸ್ವಾರಸ್ಯವಾದುದಾದರೂ ಇಲ್ಲಿ ಅದಕ್ಕೆ ಎಡೆಯಿಲ್ಲ. ದೊಡ್ಡ ಸಂಸ್ಥೆಯೊಂದು ತನ್ನ ಕಟ್ಟಳೆಯನ್ನೇ ಬದಲಿಸಿದ ಪ್ರಸಂಗವನ್ನು ನೋಡಬೇಕಾದರೆ ಬ್ರೌನ್‌ಗೆ ಮರಳಬೇಕು.

೧೯೬೬ರ ಶರತ್ಕಾಲದಲ್ಲಿ ಅಲ್ಲಿಯ ಕೆಲವು ವಿದ್ಯಾರ್ಥಿಗಳು, ಐರಾ ಮಾಗಜಿನರ್ ಮತ್ತು ಎಲಿಯಟ್ ಮ್ಯಾಕ್ಸ್‌ವೆಲ್ ಎಂಬಿಬ್ಬರ ಮುಂದಾಳುತನದಲ್ಲಿ, ಒಂದು ವಿಚಿತ್ರವಾದ ಅಧ್ಯಯನವನ್ನು ಕೈಗೊಂಡರು. ಗುಂಪಾಗಿ ಸ್ವತಂತ್ರ ಅಧ್ಯಯನ ನಡೆಸಲು ವಿಶ್ವವಿದ್ಯಾನಿಲಯದ ನಿಯಮದಲ್ಲಿ ಅವಕಾಶವಿತ್ತು. ಅವರು ಆರಿಸಿಕೊಂಡ ವಿಷಯ: ವಿಶ್ವವಿದ್ಯಾನಿಲಯವೇ. ತಾವು ಓದುತ್ತಿರುವ ಪಾಠ್ಯಕ್ರಮ ಎಲ್ಲಿಂದ ಬಂದಿತು, ಅದರ ಉದ್ದೇಶವೇನು, ಬೇರೆ ಕಾಲೇಜುಗಳು ಏನು ಮಾಡಿವೆ ಎಂಬುದನ್ನು ಶೋಧಿಸತೊಡಗಿದರು. ೧೯೬೮ರ ಹೊತ್ತಿಗೆ ಮಾಗಜಿನರ್ ಮತ್ತು ಮ್ಯಾಕ್ಸ್‌ವೆಲ್ ಅದನ್ನೆಲ್ಲ ನಾನೂರು ಪುಟಗಳನ್ನು ಮೀರಿದ ಒಂದು ವರದಿಯಾಗಿ ಬರೆದರು. ಅದನ್ನು ‘ಕರಡು’ ಎಂದು ಅವರು ಕರೆದುದು ವಿನಯವೋ ಜಾಣತನವೋ ತಿಳಿಯದು. ಕರಡನ್ನು ತಿರಸ್ಕರಿಸುವುದು ಯಾರಿಗಾದರೂ ಕಷ್ಟ.

ಅದು ಎಂಥ ಕಾಲವೆಂಬುದನ್ನು ನೆನೆಯಬೇಕು. ೧೯೬೮ರಲ್ಲಿ ಕೊಲಂಬಿಯಾದಲ್ಲಿ ವಿದ್ಯಾರ್ಥಿಗಳು ಕಟ್ಟಡಗಳನ್ನು ಆಕ್ರಮಿಸಿದ್ದರು. ಪ್ಯಾರಿಸ್ ಹೊತ್ತಿ ಉರಿದಿತ್ತು. ಸಾನ್ ಫ್ರಾನ್ಸಿಸ್ಕೊ ರಾಜ್ಯ ಕಾಲೇಜಿನ ದೀರ್ಘ ಮುಷ್ಕರದ ಫಲವಾಗಿ ಕಪ್ಪುಜನರ ಚರಿತ್ರೆ ಸಂಸ್ಕೃತಿಗಳಿಗೆ ಒಂದು ಅಧ್ಯಯನ ವಿಭಾಗವೇ ಏರ್ಪಟ್ಟಿತು. ಅಂಥದರ ನಡುವೆ ಬ್ರೌನ್‌ನ ಹುಡುಗರು ಮೊದಲು ಹಿಡಿದದ್ದು ಪುಸ್ತಕವನ್ನು. ಅವರು ಅಧ್ಯಾಪಕರ ಮನೆಬಾಗಿಲಿಗೆ ಹೋಗಿ ತಮ್ಮ ವಾದವನ್ನು ಒಬ್ಬೊಬ್ಬರಿಗೂ ವಿವರಿಸಿದರೆಂದು ತಿಳಿದುಬರುತ್ತದೆ. ಇಂಜಿನಿಯರಿಂಗ್ ಪ್ರಾಧ್ಯಾಪಕ ಪಾಲ್ ಮೇಡರ್ ಅವರ ಅಧ್ಯಕ್ಷತೆಯಲ್ಲಿ ಒಂದು ವಿಶೇಷ ಸಮಿತಿ ಕುಳಿತು ವರದಿಯನ್ನು ಪರಿಶೀಲಿಸಿತು. ೧೯೬೯ರ ಮೇ ತಿಂಗಳಿನಲ್ಲಿ ಅಧ್ಯಾಪಕರ ಸಭೆ ಸುದೀರ್ಘವಾಗಿ ಚರ್ಚಿಸಿ ಹೊಸ ಪಾಠ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಹರಡಿಕೊಂಡು ಓದಲೇಬೇಕೆಂಬ ನಿರ್ಬಂಧ ಹೋಯಿತು. ಅಂಕಶ್ರೇಣಿಗಳಲ್ಲಿ ಎ, ಬಿ, ಸಿ ಮಾತ್ರ ಉಳಿದು, ಅನುತ್ತೀರ್ಣತೆ ದಾಖಲೆಯಿಂದಲೇ ಕಾಣೆಯಾಯಿತು. ಬೇಕೆಂದವರು ‘ತೃಪ್ತಿಕರ’ ಎಂಬ ಒಂದೇ ಮಾತಿನ ಮೌಲ್ಯಮಾಪನವನ್ನು ಆಯ್ದುಕೊಳ್ಳಬಹುದಾಯಿತು. ಸಿದ್ಧವಾದ ಯಾವ ಪ್ರಧಾನ ವಿಷಯವೂ ತನಗೆ ಹೊಂದದೆಂದು ಕಂಡ ವಿದ್ಯಾರ್ಥಿ ಸ್ವತಂತ್ರವಾಗಿ ಒಂದನ್ನು ರಚಿಸಿ ಅನುಮತಿ ಪಡೆಯುವ ಮಾರ್ಗ ಈ ಪಾಠ್ಯಕ್ರಮದ ಒಂದು ಅಂಗವಾಯಿತು.

ಎಲ್ಲವೂ ಎಣಿಸಿದಂತೆ ನಡೆಯಿತೆಂದು ಭಾವಿಸಬೇಕಾಗಿಲ್ಲ. ಮೊದಲ ವರ್ಷದವರಿಗಾಗಿ, ಒಂದೊಂದು ಶಾಸ್ತ್ರ ಹೇಗೆ ಆಲೋಚಿಸುತ್ತದೆ ಎಂಬುದನ್ನು ತೋರಿಸುವ ವಿಶೇಷ ತರಗತಿಗಳನ್ನು ಧಾರಾಳವಾಗಿ ನಡೆಸಬೇಕೆಂಬುದು ಸುಧಾರಕರ ಹೆಗ್ಗನಸಾಗಿತ್ತು. ಅವು ಅಂದುಕೊಂಡಷ್ಟು ಸಂಖ್ಯೆಯಲ್ಲಿ ಏಳಲಿಲ್ಲ, ಎದ್ದವೂ ಕ್ರಮೇಣ ಸೊರಗಿದವು. ಕಾರಣ ಸ್ಪಷ್ಟ. ನಿಯಮವನ್ನು ತೆಗೆದುಹಾಕುವುದಕ್ಕೆ ಒಂದು ಮತದಾನ ಸಾಕು. ಹೊಸ ತರಗತಿಯನ್ನು ಕಟ್ಟುವುದಕ್ಕೆ ಅಧ್ಯಾಪಕನೊಬ್ಬನ ಎರಡು ಮೂರು ವರ್ಷಗಳ ದುಡಿಮೆ ಬೇಕು, ಆ ದುಡಿಮೆಗೆ ಬಡ್ತಿಯೂ ದೊರೆಯದು. ಅಂದಹಾಗೆ, ಈ ಮಾಗಜಿನರ್ ೧೯೯೩ರಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆರೋಗ್ಯವ್ಯವಸ್ಥೆಯ ಸುಧಾರಣೆಯ ಯೋಜನೆಗೆ ಮುಖ್ಯರಾಗಿ ನಿಂತರು. ಆ ಯೋಜನೆ ಸಾವಿರಕ್ಕೂ ಮಿಕ್ಕ ಪುಟಗಳ ಮಸೂದೆಯಾಗಿ ಕೊನೆಗೆ ಬಿದ್ದುಹೋಯಿತು. ಅಧ್ಯಾಪಕರ ಸಭೆಯನ್ನು ಒಲಿಸುವುದು ಕಾಂಗ್ರೆಸ್ಸನ್ನು ಒಲಿಸುವುದಕ್ಕಿಂತ ಸುಲಭವೆಂದು ಕಾಣುತ್ತದೆ. ನಮ್ಮಲ್ಲಿ ಅನುಭವವಿದ್ದವರು ಇದನ್ನು ನಂಬುವುದು ಕಷ್ಟ!

ಸ್ವತಃ ವಿಷಯ ರಚಿಸಿಕೊಳ್ಳುವುದೆಂದರೆ ವಾಸ್ತವವಾಗಿ ಏನು ಮಾಡಬೇಕು? ಈ ಭಾಗವೇ ನಮ್ಮವರಿಗೆ ಅಪರಿಚಿತವಾದುದು. ಬ್ರೌನ್‌ನಲ್ಲಾಗಲಿ, ಇಂಥ ಅವಕಾಶವಿರುವ ಬೇರೆ ಕಾಲೇಜುಗಳಲ್ಲಾಗಲಿ, ವಿವರಗಳಲ್ಲಿ ವ್ಯತ್ಯಾಸವಿದ್ದರೂ ಕ್ರಮ ಹೆಚ್ಚುಕಡಮೆ ಒಂದೇ. ವಿದ್ಯಾರ್ಥಿ ಒಂದು ಮನವಿಯನ್ನು ಬರೆಯಬೇಕು. ತನ್ನ ವಿಷಯದ ಹೆಸರು, ಅದರ ಕೇಂದ್ರದಲ್ಲಿರುವ ಪ್ರಶ್ನೆ, ಆ ಪ್ರಶ್ನೆಗೆ ಯಾವ ಯಾವ ಶಾಸ್ತ್ರಗಳ ವಿಧಾನಗಳು ಬೇಕು, ಈಗಿರುವ ಯಾವುದೇ ವಿಭಾಗದಲ್ಲಿ ಅದನ್ನು ಓದಲು ಏಕೆ ಸಾಧ್ಯವಿಲ್ಲ ಎಂಬುದರ ಸಮರ್ಥನೆ. ಬಳಿಕ ಓದಲಿರುವ ಪಾಠಗಳ ಪಟ್ಟಿ, ಪ್ರತಿಯೊಂದೂ ಏಕೆ ಬೇಕೆಂಬ ವಿವರಣೆ. ಕೊನೆಗೆ ಎಲ್ಲವನ್ನೂ ಒಂದುಗೂಡಿಸುವ ಪ್ರಬಂಧದ ಯೋಜನೆ. ಹೊಣೆ ಹೊರಲು ಒಪ್ಪುವ ಅಧ್ಯಾಪಕರೊಬ್ಬರ ಸಹಿ ಬೇಕು. ಇದೆಲ್ಲವನ್ನೂ ಒಂದು ಸಮಿತಿ ಓದುತ್ತದೆ. ಮೊದಲ ಸಲವೇ ಒಪ್ಪಿಗೆ ಸಿಕ್ಕುವುದು ಅಪರೂಪ. ತಿದ್ದಿ ಬರೆ ಎಂದು ಹಿಂದಿರುಗಿಸುವುದೇ ವಾಡಿಕೆ.

ಹಿಂದಿರುಗಿಸುವುದಕ್ಕೆ ಕಾರಣಗಳೂ ಬಹುಮಟ್ಟಿಗೆ ಒಂದೇ ಬಗೆಯವು. ವಿದ್ಯಾರ್ಥಿ ತನಗೆ ಮೆಚ್ಚುಗೆಯಾದ ಪಾಠಗಳನ್ನೆಲ್ಲ ಒಟ್ಟುಮಾಡಿ ಅದಕ್ಕೊಂದು ಚೆಂದದ ಹೆಸರನ್ನಿಟ್ಟಿರುತ್ತಾನೆ: ‘ಮಾನವ ಮತ್ತು ಜಗತ್ತು’ ಎಂಬ ಧಾಟಿಯದು. ಹೆಸರು ವಿಶಾಲವಾದಷ್ಟೂ ಪ್ರಶ್ನೆ ತೆಳುವಾಗಿರುತ್ತದೆ. ಸಮಿತಿ ಕೇಳುವುದು: “ನೀನು ಏನನ್ನು ತಿಳಿಯಬೇಕೆಂದಿದ್ದೀಯೆ?” ಅದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಬಲ್ಲವನು ಮುಂದಕ್ಕೆ ಹೋಗುತ್ತಾನೆ. ಇನ್ನೊಂದು ದೋಷ ವಿಧಾನದ್ದು. ನೀರಿನ ಹಂಚಿಕೆಯ ವಿಷಯವಾಗಿ ಓದಬೇಕೆನ್ನುವವನು ಕಾನೂನು, ರಾಜಕೀಯ, ಚರಿತ್ರೆಗಳನ್ನು ಪಟ್ಟಿಮಾಡಿ ಜಲಶಾಸ್ತ್ರವನ್ನೂ ಗಣಿತವನ್ನೂ ಕೈಬಿಟ್ಟಿರುತ್ತಾನೆ; ಅವು ಕಠಿನವೆಂದು. ಹೀಗೆ ನೋಡಿದರೆ, ಸಿದ್ಧವಾದ ವಿಷಯವನ್ನು ತೆಗೆದುಕೊಂಡವನಿಗಿಂತ ಸ್ವಂತದ್ದನ್ನು ರಚಿಸಿಕೊಂಡವನು ಪಾಠಕ್ಕೆ ಕೂರುವ ಮೊದಲೇ ಒಂದು ಪರೀಕ್ಷೆಯನ್ನು ಹೆಚ್ಚಾಗಿ ಬರೆದಿರುತ್ತಾನೆ. ಚರಿತ್ರೆಯ ವಿದ್ಯಾರ್ಥಿಯನ್ನು “ಚರಿತ್ರೆಯನ್ನೇಕೆ ಓದುತ್ತೀ?” ಎಂದು ಯಾವ ಸಮಿತಿಯೂ ಕೇಳುವುದಿಲ್ಲ.

ಒಪ್ಪಿಗೆ ದೊರೆತ ಮೇಲಿನ ತೊಂದರೆಗಳು ಬೇರೆ. ನಂಬಿದ್ದ ಪಾಠ ಮುಂದಿನ ವರ್ಷ ನಡೆಯದೆ ಹೋಗಬಹುದು, ಸಹಿಮಾಡಿದ ಅಧ್ಯಾಪಕರು ರಜೆಯ ಮೇಲೆ ಹೋಗಬಹುದು. ವಿಭಾಗದ ವಿದ್ಯಾರ್ಥಿಗಳಿಗಿರುವ ಜೊತೆಗಾರರ ಬಳಗ ಇವರಿಗಿಲ್ಲ. ಅದೇ ಪ್ರಶ್ನೆಯನ್ನು ಕುರಿತು ತಲೆ ಕೆಡಿಸಿಕೊಂಡ ಇನ್ನೊಬ್ಬರು ಊರಿನಲ್ಲೇ ಇರುವುದಿಲ್ಲ. ಪದವಿಪತ್ರದ ಮೇಲಿನ ಹೆಸರನ್ನು ಕಂಡು ಕೆಲಸ ಕೊಡುವವರು ಹುಬ್ಬೇರಿಸುತ್ತಾರೆ. ನಮ್ಮ ಹಿರಿಯರ ಆತಂಕವೂ ಇದೇ.

ಇಂಥ ಪದವಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ೧೯೭೪ರಲ್ಲಿ ವಿಲ್ ಶಾರ್ಟ್ಸ್ ಎಂಬಾತ ಪಡೆದ ‘ಎನಿಗ್ಮಟಾಲಜಿ’ ಪದವಿ, ಎಂದರೆ ಒಗಟುಶಾಸ್ತ್ರದ ಪದವಿ. ಆ ವಿಶ್ವವಿದ್ಯಾನಿಲಯದ ಸ್ವಕಲ್ಪಿತ ವಿಷಯಗಳ ಯೋಜನೆಯಲ್ಲಿ ಆತ ಒಗಟುಗಳನ್ನೇ ವಿಷಯವಾಗಿ ಮಾಡಿಕೊಂಡು, ಗಣಿತ, ಮನಶ್ಶಾಸ್ತ್ರ, ಭಾಷೆ ಮುಂತಾದ ಬೇರೆ ಬೇರೆ ಕಡೆಗಳಿಂದ ಅವನ್ನು ಅಭ್ಯಸಿಸಿದ. ೧೮೬೦ಕ್ಕೆ ಹಿಂದಿನ ಅಮೆರಿಕದ ಪದಒಗಟುಗಳ ಚರಿತ್ರೆ ಆತನ ಪ್ರಬಂಧದ ವಸ್ತು. ಕೇಳಿದವರು ನಕ್ಕಿರಬೇಕು. ಬಳಿಕ ಆತ ಕಾನೂನನ್ನೂ ಓದಿ ಪದವಿ ಪಡೆದ, ಜೆಫರ್ಸನ್ನನ ಅದೇ ವರ್ಜೀನಿಯಾದಲ್ಲಿ. ಆದರೆ ವಕೀಲಿ ಮಾಡಲಿಲ್ಲ. ೧೯೯೩ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧದ ಸಂಪಾದಕನಾದ. ಈ ಉದಾಹರಣೆಯನ್ನು ಎಲ್ಲರೂ ಎತ್ತಿ ಆಡುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ತೋರುವುದು ಆತನಿಗೆ ಸಿಕ್ಕಿದ ಕೆಲಸವಲ್ಲ. ಒಗಟಿನಂಥ ಹಗುರವಾದ ವಸ್ತುವಿಗೂ ಗ್ರಂಥಾಲಯದಲ್ಲಿ ಕುಳಿತು ಚರಿತ್ರೆಯನ್ನು ಬರೆಯಬೇಕಾಯಿತೆಂಬುದು.

ಇಂಡಿಯಾನಾದ ಹೆಸರು ಬಂದಾಗ ಕನ್ನಡಿಗರಿಗೆ ಮತ್ತೊಂದು ನೆನಪು ಬಾರದಿರದು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರದ ಕಡೆ ಹೊರಳಿದ ಎ. ಕೆ. ರಾಮಾನುಜನ್ ಅವರು ೧೯೬೩ರಲ್ಲಿ ಕನ್ನಡ ವ್ಯಾಕರಣವನ್ನು ಕುರಿತ ಮಹಾಪ್ರಬಂಧಕ್ಕೆ ಡಾಕ್ಟರೇಟ್ ಪಡೆದದ್ದು ಅದೇ ವಿಶ್ವವಿದ್ಯಾನಿಲಯದಲ್ಲಿ. ಕವಿ, ಭಾಷಾವಿಜ್ಞಾನಿ, ಜಾನಪದ ವಿದ್ವಾಂಸ, ಅನುವಾದಕ: ಅವರು ಯಾವ ಒಂದು ವಿಭಾಗದವರು? ಅವರು ನಡೆದದ್ದು ಒಂದರಿಂದ ಇನ್ನೊಂದಕ್ಕೆ, ತಾವಾಗಿಯೇ. ಹಾಗೆ ನಡೆಯಲು ಅವರಿಗೆ ಮೂರು ಸಂಸ್ಥೆಗಳನ್ನೂ ಒಂದು ಸಾಗರವನ್ನೂ ದಾಟಬೇಕಾಯಿತು.

ಸ್ವಾತಂತ್ರ್ಯದ ಬೆಲೆಯನ್ನು ಕುರಿತು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಮ್ಯಾಸಚೂಸೆಟ್ಸ್ ಪ್ರಾಂತದ ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಕಾಲೇಜುಗಳೂ ಅಲ್ಲಿಯ ರಾಜ್ಯ ವಿಶ್ವವಿದ್ಯಾನಿಲಯವೂ ಕೂಡಿ ೧೯೫೮ರಲ್ಲಿ ಒಂದು ಹೊಸ ಬಗೆಯ ಕಾಲೇಜಿನ ಯೋಜನೆಯನ್ನು ಸಿದ್ಧಪಡಿಸಿದವು. ೧೯೬೫ರಲ್ಲಿ ಹೆರಾಲ್ಡ್ ಜಾನ್ಸನ್ ಎಂಬ ಆಮ್‌ಹರ್ಸ್ಟಿನ ಹಳೆಯ ವಿದ್ಯಾರ್ಥಿ ಅದಕ್ಕಾಗಿ ೬೦ ಲಕ್ಷ ಡಾಲರ್ ವಾಗ್ದಾನ ಮಾಡಿದ ಮೇಲೆ ಕಾಗದದ ಯೋಜನೆಗೆ ಜೀವ ಬಂದು, ೧೯೭೦ರಲ್ಲಿ ಹ್ಯಾಂಪ್‌ಶೈರ್ ಕಾಲೇಜು ಬಾಗಿಲು ತೆರೆಯಿತು. ಬ್ರೌನ್‌ನಲ್ಲಿ ವಿನಾಯಿತಿಯಾಗಿದ್ದುದು ಇಲ್ಲಿ ನಿಯಮ. ಎಲ್ಲ ವಿದ್ಯಾರ್ಥಿಗಳೂ ತಮ್ಮ ವ್ಯಾಸಂಗವನ್ನು ತಾವೇ ರಚಿಸಬೇಕು. ಅಂಕಗಳಿಲ್ಲ, ಅಧ್ಯಾಪಕರು ಬರೆದುಕೊಡುವ ಅಭಿಪ್ರಾಯವೇ ಮೌಲ್ಯಮಾಪನ. ಮೂರು ಘಟ್ಟಗಳನ್ನು ದಾಟಿ ಕೊನೆಗೆ ಒಂದು ದೊಡ್ಡ ಸ್ವತಂತ್ರ ಕೃತಿಯನ್ನು ಒಪ್ಪಿಸಬೇಕು. ಚಿತ್ರನಿರ್ಮಾಪಕ ಕೆನ್ ಬರ್ನ್ಸ್ ಅಲ್ಲಿಯ ಮೊದಲ ತಂಡಗಳಲ್ಲಿ ಓದಿದವರು. ಆದರೆ ಒಬ್ಬೊಬ್ಬ ವಿದ್ಯಾರ್ಥಿಗೂ ಅಧ್ಯಾಪಕರು ಇಷ್ಟು ಹೊತ್ತು ಕೊಡಬೇಕಾದರೆ ಅಧ್ಯಾಪಕರು ಬಹಳ ಬೇಕು, ಮೂಲನಿಧಿ ದೊಡ್ಡದಿರಬೇಕು. ಹ್ಯಾಂಪ್‌ಶೈರಿನ ನಿಧಿ ಮೊದಲಿನಿಂದಲೂ ಚಿಕ್ಕದು. ೨೦೧೯ರಲ್ಲಿ ಮುಗ್ಗಟ್ಟು ಎಷ್ಟು ಬಿಗಿಯಿತೆಂದರೆ ಪೂರ್ಣ ಪ್ರಮಾಣದ ಹೊಸ ತರಗತಿಯನ್ನು ಸೇರಿಸಿಕೊಳ್ಳುವುದಿಲ್ಲವೆಂದು ಆಡಳಿತವೇ ಸಾರಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಲು ಹೊರಟರು. ವೇಲೆಂಡರ ಯೋಜನೆಯನ್ನು ಮುರಿದ ಅದೇ ಹಣದ ಪ್ರಶ್ನೆ. ಒಬ್ಬ ಅಧ್ಯಾಪಕ ಇನ್ನೂರು ಮಂದಿಗೆ ಪಾಠ ಹೇಳುವುದು ಅಗ್ಗ. ಒಬ್ಬ ಹುಡುಗಿಯ ಪ್ರಶ್ನೆಯನ್ನು ಕೂತು ತಿದ್ದುವುದು ತುಟ್ಟಿ.

ನಮ್ಮ ಕಡೆಗೆ ಬಂದರೆ, ಶಾಸ್ತ್ರಗಳ ಬೇಲಿಯನ್ನು ದಾಟಿದ ಪಾಠ್ಯಕ್ರಮ ನಮಗೆ ತೀರ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರು ‘ಸೋಷಿಯಲ್ ಫಿಲಾಸಫಿ’ ಎಂಬ ಹೆಸರಿನಲ್ಲಿ ಒಂದು ಆನರ್ಸ್ ವ್ಯಾಸಂಗವನ್ನು ರೂಪಿಸಿದ್ದರು. ತತ್ತ್ವ, ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರ ಇವುಗಳಿಂದೆಲ್ಲ ಆಯ್ದು ಹೆಣೆದದ್ದು ಅದು. ೧೯೩೬ರಲ್ಲಿ ಆ ಪದವಿ ಪಡೆದವರಲ್ಲಿ ಎಂ. ಎನ್. ಶ್ರೀನಿವಾಸ್ ಒಬ್ಬರು. ಅಲ್ಲಿಂದ ಅವರು ಬಂದದ್ದು ನಮ್ಮ ಈ ಮುಂಬಯಿಗೆ, ಘುರ್ಯೆಯವರ ಬಳಿಗೆ. ಮೈಸೂರಿನ ವಿವಾಹ ಮತ್ತು ಕುಟುಂಬ ಪದ್ಧತಿಯನ್ನು ಕುರಿತು ಇಲ್ಲಿ ಬರೆದ ಪ್ರಬಂಧ ೧೯೪೨ರಲ್ಲಿ ಪುಸ್ತಕವಾಯಿತು. ಕೊಡವರನ್ನು ಕುರಿತ ಅಧ್ಯಯನ ಆಕ್ಸ್‌ಫರ್ಡಿನಲ್ಲಿ ಹೊಸ ರೂಪ ಪಡೆದು ೧೯೫೨ರಲ್ಲಿ ಪ್ರಕಟವಾಗಿ ಅವರಿಗೆ ಲೋಕದ ಮನ್ನಣೆ ತಂದಿತು. ಮೈಸೂರಿನ ಆ ವ್ಯಾಸಂಗ ತೀರ ವಿಶಾಲವಾದುದು, ಹದಿನೆಂಟು ಇಪ್ಪತ್ತರ ಹುಡುಗರ ಬುದ್ಧಿಗೆ ಮೀರಿದುದು ಎಂಬ ಟೀಕೆಗೆ ಆಧಾರವಿಲ್ಲದಿಲ್ಲ. ಆದರೂ ಸಮಾಜವನ್ನು ಗ್ರಂಥಗಳಲ್ಲಿ ಮಾತ್ರ ಹುಡುಕದೆ ಹೊಲಗದ್ದೆಗಳಲ್ಲಿ ನೋಡಲು ಹೊರಟ ವಿದ್ವಾಂಸನೊಬ್ಬ ಮೊದಲ ಹೆಜ್ಜೆಯಿಟ್ಟದ್ದು ಅಂಥ ಬೆರಕೆಯ ವ್ಯಾಸಂಗದಿಂದ ಎಂಬುದನ್ನು ಮರೆಯಲಾಗದು. ಇಲ್ಲಿಯೂ ವ್ಯತ್ಯಾಸ ಸ್ಪಷ್ಟವಾಗಿರಲಿ. ಹೆಣೆದವರು ವಾಡಿಯಾ, ಶ್ರೀನಿವಾಸ್ ಅಲ್ಲ. ಗುರು ಹೆಣೆದ ಬೆರಕೆ ಒಂದು. ಶಿಷ್ಯ ತಾನೇ ಹೆಣೆದು ಗುರುವಿನ ಮುಂದಿಡುವುದು ಇನ್ನೊಂದು.

ಈಚಿನ ನಮ್ಮ ಪ್ರಯತ್ನಗಳಲ್ಲಿ ಈ ಎರಡೂ ಅಲ್ಲದ ಮೂರನೆಯದೊಂದು ಕಾಣುತ್ತದೆ. ದಿಲ್ಲಿ ವಿಶ್ವವಿದ್ಯಾನಿಲಯ ೨೦೧೧ರಲ್ಲಿ ಕ್ಲಸ್ಟರ್ ಇನ್ನೊವೇಷನ್ ಸೆಂಟರ್ ಎಂಬುದನ್ನು ತೆರೆದು, ಬೇರೆ ಬೇರೆ ಕಾಲೇಜುಗಳ ಪಾಠಗಳನ್ನು ವಿದ್ಯಾರ್ಥಿ ಕೂಡಿಸಿಕೊಳ್ಳುವ ಒಂದು ಬಿ.ಎ. ವ್ಯಾಸಂಗಕ್ಕೆ ಅವಕಾಶ ಕೊಟ್ಟಿತು. ಚಿಕ್ಕ ಪ್ರಮಾಣದ್ದಾದರೂ ಶ್ಲಾಘ್ಯವಾದುದು. ಅದೇ ವಿಶ್ವವಿದ್ಯಾನಿಲಯ ೨೦೧೩ರಲ್ಲಿ ನಾಲ್ಕು ವರ್ಷದ ಪದವಿಯನ್ನು ಎಲ್ಲರ ಮೇಲೂ ಒಮ್ಮೆಗೇ ಹೇರಿ ೨೦೧೪ರಲ್ಲಿ ಹಿಂತೆಗೆದುಕೊಂಡಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಬಹುಶಾಸ್ತ್ರೀಯ ವ್ಯಾಸಂಗವನ್ನು ಘೋಷಿಸಿದಾಗ ಅದನ್ನು ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ, ೨೦೨೧ರಲ್ಲಿ. ಸರ್ಕಾರ ಬದಲಾಗಿ, ಸುಖದೇವ ಥೋರಟ್ ಅವರ ಆಯೋಗ ಕುಳಿತು, ೨೦೨೪ರ ಮೇ ತಿಂಗಳಿನಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಸೇರಿದ ಮಕ್ಕಳು ಒಂದು ನಿಯಮದಲ್ಲಿ ಒಳಗೆ ಹೋಗಿ ಇನ್ನೊಂದನ್ನು ಕಾಣುತ್ತ ಹೊರಬಂದರು. ಇದರ ರಾಜಕೀಯದ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದುದು ಇಷ್ಟೇ: ಈ ಎರಡು ದೊಡ್ಡ ಏರ್ಪಾಟುಗಳಲ್ಲಿಯೂ ವಿದ್ಯಾರ್ಥಿಗೆ ಸಿಕ್ಕುವುದು ಹೋಟೆಲಿನ ಪಟ್ಟಿ. ಇದರಿಂದೊಂದು, ಅದರಿಂದೆರಡು ಆರಿಸಿಕೊಳ್ಳಬಹುದು; ಅಡಿಗೆಮನೆಯೊಳಕ್ಕೆ ಪ್ರವೇಶವಿಲ್ಲ. “ಏನನ್ನು ತಿಳಿಯಬೇಕೆಂದಿದ್ದೀಯೆ?” ಎಂದು ಅವನನ್ನು ಯಾರೂ ಕೂರಿಸಿ ಕೇಳುವುದಿಲ್ಲ, ಕೇಳಲು ಅಧ್ಯಾಪಕರಿಗೆ ಬಿಡುವೂ ಇಲ್ಲ. ಆಯ್ಕೆಯನ್ನು ರಚನೆಯೆಂದು ಭ್ರಮಿಸಿದರೆ ಎಲಿಯಟ್‌ರ ಕಾಲದ ಹಾರ್ವರ್ಡಿನ ದೋಷವೇ ನಮಗೂ ತಟ್ಟುತ್ತದೆ, ಅಲ್ಲಿದ್ದ ಗ್ರಂಥಭಂಡಾರ ಮಾತ್ರ ಇಲ್ಲಿಲ್ಲ.

ಇನ್ನು ಆ ಮೊಮ್ಮಗಳ ಮಾತು. ಅಜ್ಜನ ಕೋರಿಕೆಯಂತೆ ಆಕೆ ತನ್ನ ಮನವಿಯ ಪ್ರತಿಯನ್ನು ನನಗೆ ಕಳುಹಿಸಿದ್ದಳು. ಮುಂಬಯಿಯ ಉಡುಪಿ ಹೋಟೆಲುಗಳು, ಅವುಗಳಲ್ಲಿ ದುಡಿದ ಹುಡುಗರು, ಅವರಿಗಾಗಿ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳು: ಇವನ್ನು ಆಕೆ ಅಭ್ಯಸಿಸಬೇಕೆಂದಿದ್ದಾಳೆ. ವಲಸೆಯ ಅರ್ಥಶಾಸ್ತ್ರ ಬೇಕು, ನಗರದ ಚರಿತ್ರೆ ಬೇಕು, ಆಹಾರ ಮತ್ತು ಜಾತಿಗಳನ್ನು ಕುರಿತ ಮಾನವಶಾಸ್ತ್ರ ಬೇಕು, ಎಲ್ಲಕ್ಕೂ ಮೊದಲು ಕನ್ನಡ ಓದಲು ಬರಬೇಕು. ಯೋಚಿಸಿ ನೋಡಿದರೆ ಇದಕ್ಕೆ ಅಮೆರಿಕದಲ್ಲಿ ವಿಭಾಗವಿಲ್ಲವೆಂಬುದು ದೊಡ್ಡ ಮಾತಲ್ಲ. ಮುಂಬಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವಿದೆ, ಅರ್ಥಶಾಸ್ತ್ರ ವಿಭಾಗವಿದೆ, ಘುರ್ಯೆಯವರು ಬೆಳೆಸಿದ ಸಮಾಜಶಾಸ್ತ್ರ ವಿಭಾಗವಿದೆ, ಆದರೆ ಈ ಪ್ರಶ್ನೆಯನ್ನು ಬಿ.ಎ. ಓದುವ ಹುಡುಗಿಯೊಬ್ಬಳು ಈ ಮೂರರ ನಡುವೆ ಎಲ್ಲಿ ಒಯ್ದು ಇಡಬೇಕು? ಹೊರನಾಡ ಕನ್ನಡಿಗರ ಚರಿತ್ರೆ ಈವರೆಗೆ ಬಹುಪಾಲು ಸಂಘಗಳ ಸ್ಮರಣ ಸಂಚಿಕೆಗಳಲ್ಲೂ ಅಭಿನಂದನ ಗ್ರಂಥಗಳಲ್ಲೂ ಉಳಿದಿರುವುದಕ್ಕೆ ಅದು ಯಾವ ವಿಭಾಗದ ಸ್ವತ್ತೂ ಅಲ್ಲದಿರುವುದೂ ಒಂದು ಕಾರಣವೆಂದು ನನ್ನ ಭಾವನೆ.

ಸಮಿತಿ ಆಕೆಯ ಮನವಿಯನ್ನು ಮೊದಲ ಸಲ ಹಿಂದಿರುಗಿಸಿದೆ. ಎರಡು ಆಕ್ಷೇಪಗಳು. ಒಂದು, ಪ್ರಶ್ನೆ ಇನ್ನೂ ಹರಡಿದೆ. ಹೋಟೆಲೋ, ಶಾಲೆಯೋ, ಯಾವುದಾದರೂ ಒಂದನ್ನು ನಡುವೆ ಇರಿಸಬೇಕು. ಇನ್ನೊಂದು, ಕನ್ನಡದ ಆಧಾರಗಳನ್ನು ಬಳಸುವುದಾಗಿ ಹೇಳಿದ್ದೀ. ಅವು ಎಲ್ಲಿವೆ, ಅವನ್ನು ಓದಿ ನಿನ್ನನ್ನು ಪರೀಕ್ಷಿಸಬಲ್ಲವರು ಯಾರು? ಎರಡೂ ನ್ಯಾಯವಾದವೇ. ಮೊದಲನೆಯದಕ್ಕೆ ಆಕೆ ರಾತ್ರಿಶಾಲೆಯನ್ನು ಆರಿಸಿಕೊಂಡಿದ್ದಾಳೆ. ಎರಡನೆಯದರ ವಿಷಯವಾಗಿ ಅಜ್ಜ ಕಳೆದ ಭಾನುವಾರ ಗ್ರಂಥಾಲಯಕ್ಕೆ ಬಂದು, ಕಪಾಟಿನ ಕೆಳಗಿನ ಅರೆಯಲ್ಲಿ ಧೂಳು ಹಿಡಿದಿದ್ದ ರಾತ್ರಿಶಾಲೆಗಳ ಹಳೆಯ ವಾರ್ಷಿಕ ವರದಿಗಳನ್ನು ಒಂದೊಂದಾಗಿ ಹೊರತೆಗೆಸಿದರು. ಒಂದು ವರದಿಯಲ್ಲಿ ಉತ್ತೀರ್ಣರಾದವರ ಪಟ್ಟಿಯಿತ್ತು. ಕನ್ನಡಕವನ್ನು ಒರೆಸಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಬಳಿಕ, “ಇದರ ನಕಲು ತೆಗೆಸಿ ಕಳುಹಿಸುವುದಕ್ಕೆ ಎಷ್ಟಾಗುತ್ತದೆ, ಮಾಸ್ತರೇ?” ಎಂದು ಕೇಳಿದರು.